ಡಿಕ್ಕಿಯ ರಬ್ಬರು ಕೊನೆಯ ಕೆಲಸವಲ್ಲ

"ರಬ್ಬರ್ ತಾನೇ ಸಾರ್, ಲಾಸ್ಟಲ್ಲಿ ಹಾಕ್ಬಿಡೋಣ." ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಹೊಸದಾಗಿಸಲು ಗ್ಯಾರೇಜಿಗೆ ಬಿಟ್ಟವರಲ್ಲಿ ಈ ಮಾತನ್ನು ಕೇಳದವರು ಕಡಿಮೆ. ಮೇಸ್ತ್ರಿ ಇದನ್ನು ಧೈರ್ಯ ತುಂಬುವ ದನಿಯಲ್ಲಿ ಹೇಳುತ್ತಾರೆ. ಮಾಲೀಕರು ತಲೆಯಾಡಿಸುತ್ತಾರೆ. ಎಂಜಿನ್ನಿಗೆ ತಿಂಗಳುಗಟ್ಟಲೆ ಸಮಯ ಕೊಡುತ್ತೇವೆ, ಬಣ್ಣದ ಛಾಯೆಗಾಗಿ ವಾರಗಟ್ಟಲೆ ಚರ್ಚೆ ಮಾಡುತ್ತೇವೆ, ಕ್ರೋಮ್ ಬಂಪರಿಗೆ ಊರೂರು ಅಲೆಯುತ್ತೇವೆ. ಡಿಕ್ಕಿಯ ಬಾಯಿಗೆ ಸುತ್ತಲೂ ಕೂರುವ ರಬ್ಬರ್ ಬೀಡಿಂಗಿಗೆ ಮಾತ್ರ ಕಾರು ಮನೆಗೆ ಹೊರಡುವ ದಿನದ ಸಂಜೆ ಅರ್ಧ ಗಂಟೆ ಸಿಗುತ್ತದೆ. ಮೀಟರ್ ಲೆಕ್ಕದಲ್ಲಿ ತಂದ ಪಟ್ಟಿ, ಒಂದು ಡಬ್ಬಿ ಅಂಟು, ಒಂದು ಬ್ಲೇಡು. ಕೆಲಸ ಮುಗಿಯಿತು.

ಈ ಕ್ರಮ ತಪ್ಪು ಎಂಬುದೇ ನನ್ನ ವಾದ. ಸಣ್ಣ ತಪ್ಪಲ್ಲ, ರೆಸ್ಟೊರೇಷನ್ ಎಂಬ ಇಡೀ ಕೆಲಸವನ್ನು ತಲೆಕೆಳಗು ಮಾಡುವ ತಪ್ಪು. ಡಿಕ್ಕಿಯ ರಬ್ಬರು ಅಲಂಕಾರದ ಸಾಮಾನಲ್ಲ. ಬಾಡಿಯ ತಗಡು ನೆಟ್ಟಗಿದೆಯೇ ಇಲ್ಲವೇ ಎಂದು ಅಳೆದು ಹೇಳುವ ಸಾಧನ ಅದು. ಬಣ್ಣ ಹೊಡೆಯುವ ಮೊದಲೇ ಅದನ್ನು ಒಮ್ಮೆ ಅಂಟಿಲ್ಲದೆ ಕೂರಿಸಿ, ಮುಚ್ಚಳ ಹಾಕಿ ನೋಡಬೇಕು. ತಗಡನ್ನು ಬಡಿದು ತಿದ್ದಲು ಆಗ ಅವಕಾಶವಿರುತ್ತದೆ. ಬಣ್ಣ ಒಣಗಿ, ಪಾಲಿಶ್ ಆಗಿ, ಕಾರು ಕನ್ನಡಿಯಂತಾದ ಮೇಲೆ ಸುತ್ತಿಗೆ ಎತ್ತುವ ಧೈರ್ಯ ಯಾವ ಟಿಂಕರಿಗೂ ಇರುವುದಿಲ್ಲ. ಆಗ ಉಳಿಯುವುದು ಒಂದೇ ದಾರಿ: ರಬ್ಬರಿನಿಂದಲೇ ತಗಡಿನ ದೋಷ ಮುಚ್ಚುವುದು. ರಬ್ಬರಿಗೆ ಆ ಶಕ್ತಿ ಇಲ್ಲ.

ನಮ್ಮ ದೇಶದ ಹಳೆಯ ಕಾರುಗಳ ಮಟ್ಟಿಗೆ ಇದನ್ನು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಪದ್ಮಿನಿಯದು ಇಟಲಿಯ ಫಿಯೆಟ್ 1100ರ ವಂಶ; ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ ಕಾರು, 1970ರ ದಶಕದಲ್ಲಿ ಆ ಹೆಸರು ಪಡೆದು ಕಳೆದ ಶತಮಾನದ ಕೊನೆಯವರೆಗೂ ತಯಾರಾಯಿತು. ಇಷ್ಟು ದೀರ್ಘ ಕಾಲ ಒಂದೇ ಆಕಾರ ಹೊರಬಂದರೂ ಒಂದು ಕಾರಿನ ಡಿಕ್ಕಿ ಮುಚ್ಚಳ ಇನ್ನೊಂದಕ್ಕೆ ಹಾಗೆ ಹಾಗೇ ಕೂರುವುದಿಲ್ಲ ಎಂಬುದು ಈ ಕಾರುಗಳ ಜೊತೆ ಒಡನಾಡಿದವರಿಗೆಲ್ಲ ಗೊತ್ತು. ಅದರ ಮೇಲೆ ಈ ಕಾರುಗಳು ಬಾಳಿದ ಬಾಳು ಬೇರೆ ಇದೆ. ಟ್ಯಾಕ್ಸಿಯಾಗಿ ದುಡಿದದ್ದು, ಡಿಕ್ಕಿ ಮುಚ್ಚದಷ್ಟು ಮೂಟೆ ತುಂಬಿ ಹಗ್ಗ ಬಿಗಿದದ್ದು, ಹಿಂದಿನಿಂದ ಬಂದ ಲಾರಿ ಗುದ್ದಿದ್ದು, ರಸ್ತೆ ಬದಿಯ ಶೆಡ್ಡಿನಲ್ಲಿ ಬಡಿದು ಪುಟ್ಟಿ ತುಂಬಿದ್ದು. ಅಂಥ ಬಾಡಿಯ ಡಿಕ್ಕಿಯ ಬಾಯಿ ಇವತ್ತಿಗೆ ಚೌಕವಾಗಿಯೇ ಇದೆ ಎಂದು ನಂಬಲು ಯಾವ ಆಧಾರವೂ ಇಲ್ಲ. ಎಡಗಡೆ ಮುಚ್ಚಳಕ್ಕೂ ಬಾಡಿಗೂ ನಡುವೆ ನಾಲ್ಕು ಮಿಲಿಮೀಟರ್ ಸಂದಿ, ಬಲಗಡೆ ಒಂಬತ್ತು. ಹೀಗಿರುವಾಗ ಸುತ್ತಲೂ ಒಂದೇ ದಪ್ಪದ ರಬ್ಬರು ಎರಡೂ ಕಡೆ ಹೇಗೆ ಮುಚ್ಚೀತು?

ಕುಕ್ಕರ್ ಮುಚ್ಚಳದ ಅಂಚು ಸೊಟ್ಟಗಾದ ಮೇಲೆ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಸೀಟಿ ಬರುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದೇ ತಿಳಿವಳಿಕೆ ಕಾರಿನ ಹತ್ತಿರ ಬಂದಾಗ ಎಲ್ಲಿ ಹೋಗುತ್ತದೋ. ಡಿಕ್ಕಿಯಲ್ಲಿ ನೀರು ಕಂಡ ಕೂಡಲೇ "ರಬ್ಬರ್ ಹೋಗಿದೆ" ಎನ್ನುತ್ತೇವೆ. ಹೊಸ ರಬ್ಬರು ಬರುತ್ತದೆ, ನೀರೂ ಬರುತ್ತದೆ. ಆಗ "ಡೂಪ್ಲಿಕೇಟ್ ರಬ್ಬರು" ಎಂದು ಅಂಗಡಿಯವನನ್ನು ಬಯ್ಯುತ್ತೇವೆ. ಮೂರನೇ ಸಲ ಇನ್ನೂ ದಪ್ಪದ್ದು ತರುತ್ತೇವೆ.

ಈ ದಪ್ಪದ ಮೋಹವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅತಿ ಹೆಚ್ಚು ಹಾನಿ ಮಾಡಿರುವುದು ಇದೇ. ದಪ್ಪವಾದಷ್ಟೂ ಬಿಗಿ, ಬಿಗಿಯಾದಷ್ಟೂ ಭದ್ರ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ. ಡಿಕ್ಕಿಯ ರಬ್ಬರು ಕೆಲಸ ಮಾಡುವ ರೀತಿ ಹಾಗಲ್ಲ. ಒಳಗೆ ಪೊಳ್ಳಾದ ಅಥವಾ ಸ್ಪಂಜಿನಂಥ ರಬ್ಬರು ಮುಚ್ಚಳದ ಭಾರಕ್ಕೆ ಮೆತ್ತಗೆ ಬಗ್ಗಿ, ತಗಡಿನ ಸಣ್ಣಪುಟ್ಟ ಏರಿಳಿತವನ್ನು ಅನುಸರಿಸಿ ಕೂರಬೇಕು. ತನ್ನ ಎತ್ತರದ ಮೂರನೇ ಒಂದು ಭಾಗದಷ್ಟು ಒತ್ತಿಕೊಂಡರೆ ಸಾಮಾನ್ಯವಾಗಿ ಸಾಕು. ಗಟ್ಟಿ ರಬ್ಬರು ಹೀಗೆ ಬಗ್ಗುವುದಿಲ್ಲ, ಎದುರು ನಿಲ್ಲುತ್ತದೆ. ಅದು ಎದುರು ನಿಂತಾಗ ಬಗ್ಗುವುದು ಮುಚ್ಚಳವೇ. ಅದನ್ನು ಬಾಡಿಗೆ ಹಿಡಿದಿರುವುದು ಮೇಲೆ ಎರಡು ಹಿಂಜ್, ಕೆಳಗೆ ನಡುವಿನಲ್ಲಿ ಒಂದು ಲಾಕ್, ಇಷ್ಟೇ. ನಡುವೆ ಲಾಕ್ ಎಳೆದು ಹಿಡಿಯುತ್ತದೆ, ಕೆಳಗಿನ ಎರಡು ಮೂಲೆಗಳನ್ನು ಹಿಡಿಯುವವರು ಯಾರೂ ಇಲ್ಲ. ದಪ್ಪ ರಬ್ಬರು ಆ ಮೂಲೆಗಳನ್ನು ಮೇಲೆತ್ತುತ್ತದೆ. ನೀರು ನುಗ್ಗುವುದೂ ಅಲ್ಲಿಂದಲೇ. ಬಿಗಿಯಾಗಲಿ ಎಂದು ಹಾಕಿದ ರಬ್ಬರೇ ಬಾಗಿಲು ತೆರೆದು ಕೊಟ್ಟಂತಾಯಿತು.

ಆಮೇಲೆ ಮುಚ್ಚಳವನ್ನು ದಢಾರನೆ ಬಡಿಯುವ ಅಭ್ಯಾಸ ಶುರುವಾಗುತ್ತದೆ. "ಸ್ವಲ್ಪ ಜೋರಾಗಿ ಹಾಕಿ ಸಾರ್, ದಿನ ಕಳೆದಂತೆ ಸೆಟ್ ಆಗುತ್ತೆ." ಹೊಸ ರಬ್ಬರು ಕೆಲವು ವಾರಗಳಲ್ಲಿ ತನ್ನ ಜಾಗಕ್ಕೆ ಒಗ್ಗುವುದು ನಿಜ. ಆದರೆ ಕೈಯ ಒತ್ತಡಕ್ಕೆ ಮುಚ್ಚದೆ ಏಟಿಗೆ ಮಾತ್ರ ಮುಚ್ಚುವ ಡಿಕ್ಕಿ ಸೆಟ್ ಆಗುವುದಿಲ್ಲ, ಸವೆಯುತ್ತದೆ. ಪ್ರತಿ ಏಟಿಗೂ ಮುಚ್ಚಳದ ಒಳಗಿನ ಪಟ್ಟಿಗಳನ್ನು ಹಿಡಿದಿರುವ ಸ್ಪಾಟ್ ವೆಲ್ಡುಗಳು ಅದುರುತ್ತವೆ. ಅರ್ಧ ಶತಮಾನ ಕಂಡ ತಗಡು ಅದು. ವೆಲ್ಡು ಬಿಟ್ಟ ಜಾಗದಲ್ಲಿ ಬಣ್ಣ ಬಿರಿಯುತ್ತದೆ, ಬಿರುಕಿನಲ್ಲಿ ತುಕ್ಕು ಹುಟ್ಟುತ್ತದೆ. ಲಾಕಿನ ಕೊಂಡಿ ವಾಲುತ್ತದೆ. ಒಂದು ಮೀಟರ್ ರಬ್ಬರಿನಲ್ಲಿ ಉಳಿಸಿದ ದುಡ್ಡಿಗೆ ಮುಚ್ಚಳವೇ ಬಲಿ.

ಸರಿಯಾದ ಕ್ರಮ ಏನು ಎಂದು ಕೇಳುವವರಿಗೆ ಉತ್ತರ ಕಷ್ಟದ್ದಲ್ಲ. ಬರಿಯ ತಗಡಿನ ಸ್ಥಿತಿಯಲ್ಲಿ, ಹಿಂಜ್ ಮತ್ತು ಲಾಕ್ ಜೋಡಿಸಿ, ಮಕ್ಕಳು ಆಡುವ ಬಣ್ಣದ ಜೇಡಿಯ ಉಂಡೆಗಳನ್ನು ಡಿಕ್ಕಿಯ ಬಾಯಿಯ ಸುತ್ತ ಗೇಣು ಗೇಣಿಗೆ ಇಡಬೇಕು. ಅಂಟದಿರಲಿ ಎಂದು ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳ ಹಾಕಿ ತೆಗೆದರೆ ಪ್ರತಿ ಉಂಡೆಯೂ ಅಲ್ಲಿರುವ ಸಂದಿಯಷ್ಟೇ ದಪ್ಪಕ್ಕೆ ಚಪ್ಪಟೆಯಾಗಿರುತ್ತದೆ. ಸ್ಕೇಲು ಹಿಡಿದು ಅಳೆದರೆ ಡಿಕ್ಕಿಯ ನಿಜ ಆಕಾರ ಕಣ್ಣೆದುರಿಗೆ ಬರುತ್ತದೆ. ಯಾವ ಮೂಲೆ ಎದ್ದಿದೆ, ಯಾವ ಹಿಂಜಿಗೆ ಶಿಮ್ ಬೇಕು, ಎಲ್ಲಿ ಅಂಚನ್ನು ಬಗ್ಗಿಸಬೇಕು, ಎಲ್ಲವನ್ನೂ ಟಿಂಕರಿಗೆ ತೋರಿಸಬಹುದು. ಸಂದಿ ಸುತ್ತಲೂ ಹತ್ತಿರ ಹತ್ತಿರ ಒಂದೇ ಆದ ಮೇಲೆ ರಬ್ಬರನ್ನು ಆರಿಸಬೇಕು. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು: ಮೊದಲು ರಬ್ಬರು ಕೊಳ್ಳುತ್ತೇವೆ, ಆಮೇಲೆ ಸಂದಿ ಅದಕ್ಕೆ ಹೊಂದಲಿ ಎಂದು ಹಾರೈಸುತ್ತೇವೆ.

ಅಂಟಿನ ವಿಷಯಕ್ಕೆ ಬರುತ್ತೇನೆ. ನೀರು ನಿಲ್ಲಿಸುವುದು ಅಂಟು ಎಂಬ ಭಾವನೆ ಎಷ್ಟು ಗಾಢವಾಗಿದೆ ಎಂದರೆ, ರಬ್ಬರು ಕೂರಿಸಿದ ಮೇಲೂ ಅದರ ಅಂಚಿಗೆ ಸಿಲಿಕೋನ್ ಟ್ಯೂಬು ಹಿಡಿದು ಸುತ್ತು ಹೊಡೆಯುವುದನ್ನು "ಡಬಲ್ ಸೇಫ್ಟಿ" ಎಂದು ಮಾಲೀಕರಿಗೆ ತೋರಿಸುತ್ತಾರೆ. ನಾನು ಇದನ್ನು ಕಟುವಾಗಿಯೇ ವಿರೋಧಿಸುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಹಿಂಡಿದಾಗ ವಿನೆಗರಿನ ಘಾಟು ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಾತ್‌ರೂಮಿನ ಟೈಲ್ಸಿಗೆ ಅದರಿಂದ ತೊಂದರೆಯಿಲ್ಲ. ಬಣ್ಣ ಕೆರೆದು ಹೋದ ಉಕ್ಕಿನ ಮೇಲೆ ಅದೇ ಆಮ್ಲ ತುಕ್ಕಿಗೆ ದಾರಿ ಮಾಡುತ್ತದೆ, ಅದೂ ಯಾರಿಗೂ ಕಾಣದ ಹಾಗೆ, ಸಿಲಿಕೋನಿನ ಕೆಳಗೆ. ಮುಂದೆ ಯಾವತ್ತೋ ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಯಬೇಕಾದರೆ ಸಿಲಿಕೋನಿನ ಅಂಶ ಉಳಿದಲ್ಲೆಲ್ಲ ಬಣ್ಣ ಹಿಡಿಯದೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಪೇಂಟರುಗಳಿಗೆ ಇದು ಚೆನ್ನಾಗಿ ಗೊತ್ತು, ಆದರೆ ಅವರನ್ನು ಕೇಳುವವರಿಲ್ಲ.

ಅಂಟು ಇರುವುದು ರಬ್ಬರನ್ನು ಅದರ ಜಾಗದಲ್ಲಿ ಹಿಡಿದಿಡಲು ಮಾತ್ರ. ಕೆಲವು ಕಾರುಗಳಲ್ಲಿ ಅದೂ ಬೇಡ. ಒಳಗೆ ಲೋಹದ ಹಲ್ಲುಗಳಿರುವ ರಬ್ಬರು ತಗಡಿನ ಅಂಚನ್ನು ತಾನೇ ಕಚ್ಚಿ ಹಿಡಿಯುತ್ತದೆ. ಅಂಟಿಸುವ ಜಾತಿಯದ್ದಾದರೆ ಸಿಂಥೆಟಿಕ್ ರಬ್ಬರಿನ ಕಾಂಟ್ಯಾಕ್ಟ್ ಅಂಟು ಸಾಕು. ಚಪ್ಪಲಿ ಹೊಲಿಯುವವರಿಂದ ಹಿಡಿದು ಸೀಟ್ ಹೊಲಿಯುವವರವರೆಗೆ ಎಲ್ಲರಿಗೂ ಪರಿಚಿತವಾದ ಅಂಟು ಅದು. ತಗಡಿಗೂ ರಬ್ಬರಿಗೂ ಎರಡಕ್ಕೂ ತೆಳುವಾಗಿ ಬಳಿದು, ಬೆರಳು ಮುಟ್ಟಿದರೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಒತ್ತಬೇಕು. ಕಾಯುವ ಆ ಹತ್ತು ಹದಿನೈದು ನಿಮಿಷವನ್ನೇ ನಮ್ಮವರು ಉಳಿಸಲು ಹೋಗುತ್ತಾರೆ. ಹಸಿ ಅಂಟಿನ ಮೇಲೆ ಒತ್ತಿದ ರಬ್ಬರು ಮರುದಿನ ಬೆಳಿಗ್ಗೆ ಜೋತು ಬಿದ್ದಿರುತ್ತದೆ. ಕಾರ್ಖಾನೆಯಿಂದ ಬಂದ ಹೊಸ ರಬ್ಬರಿನ ಮೈಮೇಲೆ ಅಚ್ಚಿನ ಪುಡಿಯೋ ಜಿಡ್ಡೋ ಇರುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸದಿದ್ದರೆ ಎಂಥ ಅಂಟೂ ನಿಲ್ಲದು. ಹಳೆಯ ಅಂಟಿನ ಪದರವನ್ನು ಪೂರ್ತಿ ಎಬ್ಬಿಸದೆ ಅದರ ಮೇಲೇ ಹೊಸದನ್ನು ಬಳಿಯುವುದು ಇನ್ನೊಂದು ಅಭ್ಯಾಸ. ಸಮತಟ್ಟಿಲ್ಲದ ನೆಲದ ಮೇಲೆ ಕೂತ ರಬ್ಬರು ಮೇಲೂ ಸಮತಟ್ಟಾಗಿರುವುದಿಲ್ಲ. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಅಂಟು ಬಳಿದರೆ ಅದರ ದ್ರಾವಕ ಬಣ್ಣವನ್ನೇ ಎಬ್ಬಿಸುತ್ತದೆ. ಹೊರಡುವ ಸಂಜೆಯ ಅವಸರದಲ್ಲಿ ಇವು ಯಾವುವೂ ಆಗುವ ಕೆಲಸಗಳಲ್ಲ.

ಎಳೆದು ಅಂಟಿಸುವುದನ್ನೂ ಖಂಡಿಸದೆ ಮುಂದೆ ಹೋಗಲಾರೆ. ತಂದ ಪಟ್ಟಿ ಒಂದು ಅಂಗುಲ ಕಡಿಮೆ ಬಿದ್ದರೆ ಜಗ್ಗಿ ಸೇರಿಸುತ್ತಾರೆ. ಸಾಕಷ್ಟಿದ್ದರೂ ಸುಕ್ಕು ಬಾರದಿರಲಿ ಎಂದು ಜಗ್ಗುತ್ತಾರೆ. ಜಗ್ಗಿದ ರಬ್ಬರು ತನ್ನ ಉದ್ದಕ್ಕೆ ಮರಳಲು ದಿನವಿಡೀ ಎಳೆಯುತ್ತಲೇ ಇರುತ್ತದೆ. ಮೂಲೆಯಲ್ಲಿ ತೆಳುವಾಗಿ ಒಳಕ್ಕೆ ಸರಿಯುತ್ತದೆ, ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಮಾಡಬೇಕಾದ್ದು ಇದಕ್ಕೆ ವಿರುದ್ಧ. ಸುರುಳಿ ಬಿಡಿಸಿ ಬಿಸಿಲಿಗೆ ಹಾಸಿ ಸಡಿಲವಾಗಲು ಬಿಡಬೇಕು, ಮೂಲೆಗಳಲ್ಲಿ ರಬ್ಬರನ್ನು ಎಳೆಯದೆ ಒಳಕ್ಕೆ ತುಂಬುತ್ತಾ ಹೋಗಬೇಕು, ಕೊನೆಗೆ ಅರ್ಧ ಅಂಗುಲ ಹೆಚ್ಚಾಗಿಯೇ ಕತ್ತರಿಸಿ ಎರಡು ತುದಿಗಳನ್ನು ಒತ್ತಿ ಸೇರಿಸಬೇಕು. ಜೋಡಣೆ ಬರಬೇಕಾದ್ದು ಕೆಳಗೆ, ಲಾಕಿನ ಬಳಿ. ಮೂಲೆಯಲ್ಲಂತೂ ಬರಲೇಬಾರದು.

ಹೀಗೆಲ್ಲ ಹೇಳಿದರೆ ಬರುವ ಪ್ರತಿವಾದ ಒಂದಿದೆ: "ಹಳೇ ಗಾಡಿ ಅಂದಮೇಲೆ ನೀರು ಬಂದೇ ಬರುತ್ತೆ. ಆ ಕಾಲದಲ್ಲಿ ಹೊಸದಾಗಿದ್ದಾಗಲೂ ಬರ್ತಿತ್ತು." ಪ್ರೀತಿಯ ಮಾತಿನಂತೆ ಕೇಳಿಸುವ ಈ ಮಾತು ಹಳೆಯ ಕಾರನ್ನು ಕಟ್ಟಿದವರಿಗೆ ಮಾಡುವ ಅವಮಾನ. ಅವರ ಡಿಕ್ಕಿಯನ್ನು ಸ್ವಲ್ಪ ಗಮನಿಸಿ ನೋಡಿ. ಬಾಯಿಯ ಸುತ್ತ, ರಬ್ಬರಿನ ಹೊರಗಡೆ, ತಗಡಿನಲ್ಲೇ ಒತ್ತಿ ಮಾಡಿದ ಗಟರ್ ಇರುತ್ತದೆ. ಮುಚ್ಚಳದ ಸಂದಿಯಲ್ಲಿ ಇಳಿದ ಮಳೆನೀರು ಮೊದಲು ಅದರೊಳಗೆ ಬೀಳಬೇಕು, ಇಕ್ಕೆಲಗಳಲ್ಲಿ ಹರಿದು ಕೆಳಗಿನ ಮೂಲೆಗಳಿಂದ ಹೊರಹೋಗಬೇಕು. ರಬ್ಬರಿಗೆ ಉಳಿಯುವುದು ಸಿಡಿದ ಹನಿಗಳನ್ನು ತಡೆಯುವ ಕೆಲಸ ಮಾತ್ರ. ಕಟ್ಟಿದವರ ಎಣಿಕೆ ಇಷ್ಟು ಚೆನ್ನಾಗಿತ್ತು. ನಾವು ಮಾಡಿದ್ದೇನು? ಬಡಿದು ಪುಟ್ಟಿ ತುಂಬುವಾಗ ಗಟರನ್ನು ಅರ್ಧ ಮುಚ್ಚಿದೆವು. ಹೊರದಾರಿಗೆ ಬಣ್ಣ ಕಟ್ಟಿಕೊಂಡಿತು, ಎಲೆಕಸ ತುಂಬಿತು. ಕೆಲವರು ಅಗಲ ರಬ್ಬರನ್ನು ಗಟರಿನೊಳಗೇ ಇಳಿಸಿ ಅಂಟಿಸಿದರು. ಹರಿಯಬೇಕಾದ ನೀರು ನಿಂತಿತು, ನಿಂತ ನೀರು ರಬ್ಬರನ್ನು ದಾಟಿತು. ಈಗ ದೂರು ಆ ಕಾಲದ ಎಂಜಿನಿಯರುಗಳ ಮೇಲೆ.

ಇನ್ನು ಡಿಕ್ಕಿಯಲ್ಲಿ ಕಂಡ ನೀರೆಲ್ಲ ಡಿಕ್ಕಿಯ ಬಾಯಿಂದಲೇ ಬಂದದ್ದಲ್ಲ. ಹಿಂದಿನ ಗಾಜಿನ ರಬ್ಬರು, ಟೈಲ್ ಲ್ಯಾಂಪಿನ ಗ್ಯಾಸ್ಕೆಟ್, ನಂಬರ್ ಪ್ಲೇಟಿನ ದೀಪಕ್ಕೆ ವೈರ್ ಹೋಗುವ ತೂತು, ಪೆಟ್ರೋಲ್ ತುಂಬುವ ಕೊಳವೆಯ ಸುತ್ತಲಿನ ಸಂದಿ, ಚಕ್ರದ ಮೇಲಿನ ತಗಡಿನ ಬೆಸುಗೆ, ಇವುಗಳಲ್ಲಿ ಯಾವುದೂ ಆಗಿರಬಹುದು. ಹುಡುಕುವ ವಿಧಾನ ಸರಳ. ಹಿಂದಿನ ಸೀಟಿನ ಬೆನ್ನು ಬಿಚ್ಚಿ ಒಬ್ಬರು ಟಾರ್ಚ್ ಹಿಡಿದು ಒಳಗೆ ನೋಡುತ್ತಿರಬೇಕು, ಇನ್ನೊಬ್ಬರು ಪೈಪಿನ ನೀರನ್ನು ರಭಸವಿಲ್ಲದೆ ಕೆಳಗಿನಿಂದ ಶುರುಮಾಡಿ ಒಂದೊಂದೇ ಮಟ್ಟಕ್ಕೆ ಮೇಲೇರಿಸುತ್ತಾ ಬರಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆಯೂ ಇಳಿದು ದಾರಿ ತಿಳಿಯುವುದಿಲ್ಲ. ವಾಟರ್ ಸರ್ವಿಸಿನ ಪಂಪಿನಿಂದ ಹೊಡೆದು ನೋಡುವುದು ಪರೀಕ್ಷೆಯೇ ಅಲ್ಲ; ಆ ಒತ್ತಡಕ್ಕೆ ಒಳ್ಳೆಯ ರಬ್ಬರೂ ಬಿಟ್ಟುಕೊಡುತ್ತದೆ.

"ಬಂದರೆ ಬರಲಿ, ಒರೆಸಿದರಾಯಿತು" ಎನ್ನುವವರಿಗೆ ಡಿಕ್ಕಿಯ ನೆಲದ ಕೆಳಗೆ ಏನಿದೆ ಎಂದು ತೋರಿಸಬೇಕು. ಅಂಬಾಸಿಡರಿಗೂ ಪದ್ಮಿನಿಗೂ ಲಾರಿಗಿರುವಂಥ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಹಿಂದಿನ ಚಕ್ರಗಳ ಭಾರ ಹೊರುವ ಪಟ್ಟಿ ಸ್ಪ್ರಿಂಗುಗಳ ಹಿಂದಿನ ತುದಿ ಬಂದು ಸೇರುವುದು ಡಿಕ್ಕಿಯ ನೆಲದ ಆಸುಪಾಸಿನ ತಗಡಿಗೇ. ಕಾರ್ಪೆಟ್ಟಿನ ಕೆಳಗೆ, ಸ್ಟೆಪ್ನಿಯ ಜಾಗದಲ್ಲಿ ವರ್ಷಗಟ್ಟಲೆ ನಿಂತ ತೇವ ತಿನ್ನುವುದು ಆ ತಗಡನ್ನು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹಳೆಯ ಕಾರು ಇಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ಅಂಥ ಕಡೆ ಜೂನ್‌ನಲ್ಲಿ ಒದ್ದೆಯಾದ ಡಿಕ್ಕಿಯ ಕಾರ್ಪೆಟ್ ಅಕ್ಟೋಬರಿನವರೆಗೂ ಒಣಗುವುದಿಲ್ಲ. ಬೆಂಗಳೂರಿನವರು "ನಮ್ಮದು ಭಾನುವಾರದ ರ‍್ಯಾಲಿಗೆ ಮಾತ್ರ ಹೊರಡುವ ಕಾರು" ಎಂದು ನೆಮ್ಮದಿಯಿಂದಿರಬೇಕಾಗಿಲ್ಲ. ಹೊದಿಕೆ ಹಾಕಿ ನಿಲ್ಲಿಸಿದ ಕಾರಿನಲ್ಲಿ ಸೇರಿಕೊಂಡ ತೇವ, ಓಡುವ ಕಾರಿನಲ್ಲಿ ಸೇರಿದ್ದಕ್ಕಿಂತ ನಿಧಾನವಾಗಿ ಹೊರಗೆ ಹೋಗುತ್ತದೆ.

ಆದರೂ ನೀರು ಇಲ್ಲಿ ದೊಡ್ಡ ವಿಷಯವಲ್ಲ. ಡಿಕ್ಕಿಯ ರಬ್ಬರಿನ ಬಗ್ಗೆ ನಮ್ಮ ಗ್ಯಾರೇಜುಗಳಲ್ಲಿ ಯಾರೂ ಆಡದ ಮಾತು ಹೊಗೆಯದು. ಓಡುವ ಕಾರಿನ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಳಿಯೊಂದು ಎದ್ದು, ಸೈಲೆನ್ಸರಿನಿಂದ ಬಂದ ಹೊಗೆ ಅಲ್ಲೇ ಸುತ್ತುತ್ತಿರುತ್ತದೆ. ಹಿಂಭಾಗದಲ್ಲಿ ಸಂದಿಯಿದ್ದರೆ ಆ ಹೊಗೆ ಡಿಕ್ಕಿಗೆ ನುಗ್ಗುತ್ತದೆ. ಪಕ್ಕದ ಕಿಟಕಿಗಳನ್ನು ಇಳಿಸಿದಾಗ ಒಳಗಿನ ಗಾಳಿ ಹೊರಕ್ಕೆ ಎಳೆಯಲ್ಪಟ್ಟು ಹಿಂದಿನಿಂದ ಹೊಗೆ ಇನ್ನಷ್ಟು ಬರುವುದೂ ಉಂಟು. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಈ ಕಾರುಗಳಲ್ಲಿ ಗಟ್ಟಿ ಗೋಡೆಯೇನಿಲ್ಲ. ಸೀಟಿನ ಬೆನ್ನು, ಹಾರ್ಡ್‌ಬೋರ್ಡ್, ನಡುವೆ ಬೇಕಾದಷ್ಟು ತೂತು. ಕಾರ್ಬ್ಯುರೇಟರ್ ಎಂಜಿನ್, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಸೈಲೆನ್ಸರ್. ನಮ್ಮ ಮೋಟಾರು ವಾಹನ ನಿಯಮಗಳೇ ಇಂಥ ಹಳೆಯ ಪೆಟ್ರೋಲ್ ಕಾರಿನ ಹೊಗೆಯಲ್ಲಿ, ಕಾರು ನಿಂತು ಎಂಜಿನ್ ಓಡುತ್ತಿರುವಾಗ, ಶೇ 3ರವರೆಗೆ ಕಾರ್ಬನ್ ಮಾನಾಕ್ಸೈಡಿಗೆ ಅವಕಾಶ ಕೊಟ್ಟಿವೆ.

ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ಘಟ್ಟ ಹತ್ತುವಾಗ ಹಿಂದಿನ ಸೀಟಿನ ಮಕ್ಕಳು ಹೀಗೆ ನರಳಿದರೆ ನಾವು ತಿರುವುಗಳನ್ನು ದೂರುತ್ತೇವೆ, ನಿಂಬೆಹಣ್ಣು ಮೂಸಲು ಕೊಡುತ್ತೇವೆ. ಎಲ್ಲ ವಾಂತಿಯೂ ಹೊಗೆಯಿಂದ ಎಂದು ನಾನು ಹೇಳುತ್ತಿಲ್ಲ. ಆದರೆ ಡಿಕ್ಕಿಯ ರಬ್ಬರು ಮುಚ್ಚದ ಹಳೆಯ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಹತ್ತುವ ಯಾರಿಗೂ ಅದು ತಿರುವಿನಿಂದಲೇ ಎಂದು ಖಚಿತವಾಗಿ ಹೇಳುವ ಹಕ್ಕಿಲ್ಲ. ಸೈಲೆನ್ಸರಿನ ಬೆಸುಗೆ ಬಿಟ್ಟಿದ್ದರೆ ಅದನ್ನು ಮೊದಲು ಸರಿಮಾಡಬೇಕು, ನಿಜ. ಸರಿಯಾದ ಸೈಲೆನ್ಸರಿನ ಹೊಗೆಯೂ ಕೊನೆಗೆ ಬರುವುದು ಅದೇ ಹಿಂಭಾಗಕ್ಕೆ. ರಬ್ಬರನ್ನು ನೀರಿನ ಲೆಕ್ಕದಲ್ಲಿ ಮಾತ್ರ ನೋಡಿ ಬೇಸಿಗೆಯಲ್ಲಿ ಮರೆತುಬಿಡುವವರು ಇಷ್ಟನ್ನು ಯೋಚಿಸಲಿ. ಡಿಕ್ಕಿಯೊಳಗೆ ಕೆಂಪು ಧೂಳಿನ ಪದರ ಕಂಡರೆ ಅದು ಬಂದ ದಾರಿಯಲ್ಲೇ ಹೊಗೆಯೂ ಬಂದಿದೆ. ಧೂಳು ಕಣ್ಣಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಗ್ಯಾರೇಜಿನವರನ್ನಷ್ಟೇ ದೂರಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಇನ್ನೊಂದು ತುದಿಯಲ್ಲಿ ಶುದ್ಧವಾದಿ ಸಂಗ್ರಾಹಕರಿದ್ದಾರೆ. ಅವರ ಪ್ರಕಾರ ಕಾರ್ಖಾನೆಯ ಕಾಲದ್ದೇ ರಬ್ಬರು, ಮೂವತ್ತು ವರ್ಷ ಗೋಡೌನಿನಲ್ಲಿ ಪೊಟ್ಟಣ ಒಡೆಯದೆ ಉಳಿದದ್ದು ಸಿಕ್ಕರೆ ಅದೇ ಶ್ರೇಷ್ಠ. ಅದಕ್ಕೆ ಹೆಚ್ಚು ಬೆಲೆ ಕೊಡಲೂ ಸಿದ್ಧ. ಗೇರ್ ಲಿವರಿನ ಗುಂಡಿಗೆ, ಲಾಂಛನಕ್ಕೆ, ಮೀಟರಿಗೆ ಈ ವಾದ ಸರಿ. ರಬ್ಬರಿಗೆ ಒಪ್ಪುವುದಿಲ್ಲ. ನೈಸರ್ಗಿಕ ರಬ್ಬರಿನ ಅಣುಸರಪಳಿಯ ಉದ್ದಕ್ಕೂ ಜೋಡಿ ಬಂಧಗಳಿವೆ. ಗಾಳಿಯಲ್ಲಿರುವ ಅತ್ಯಲ್ಪ ಓಝೋನ್ ಆ ಬಂಧಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಎಳೆತವಿರುವಲ್ಲಿ, ಎಳೆತಕ್ಕೆ ಅಡ್ಡಲಾಗಿ, ಸಾಲು ಸಾಲು ಬಿರುಕು ಮೂಡುವುದು ಇದರಿಂದಲೇ. ಜಗ್ಗಿ ಅಂಟಿಸಿದ ರಬ್ಬರು ಮೂಲೆಯಲ್ಲೇ ಮೊದಲು ಬಿರಿಯುವುದಕ್ಕೂ ಕಾರಣ ಇದೇ. ಪೊಟ್ಟಣದೊಳಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಮಡಿಸಿಟ್ಟ ಗೆರೆ ಹಾಗೇ ಉಳಿಯುತ್ತದೆ, ಒತ್ತಿದರೆ ಮರಳಿ ಏಳುವ ಗುಣ ಕುಂದುತ್ತದೆ. ಇಪಿಡಿಎಂ ಎಂಬ ಸಿಂಥೆಟಿಕ್ ರಬ್ಬರು 1960ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಅದರ ಮುಖ್ಯ ಸರಪಳಿಯಲ್ಲಿ ಜೋಡಿ ಬಂಧಗಳಿಲ್ಲ, ಹಾಗಾಗಿ ಓಝೋನಿಗೂ ಬಿಸಿಲಿಗೂ ಅದು ಬಹಳ ಕಾಲ ಜಗ್ಗದೆ ನಿಲ್ಲುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಇಳಿಯುವ ರಬ್ಬರಿನ ಬಗ್ಗೆ ನನಗೆ ಗೌರವವೇ ಇದೆ. ಲಾರಿ ಟೈರಿನಲ್ಲಿ ಅದರ ಸ್ಥಾನವನ್ನು ಬೇರೊಂದು ತುಂಬುವುದು ಕಷ್ಟ. ಬಿಸಿಲಿಗೆ ಮೈಯೊಡ್ಡಿ ನಿಲ್ಲುವ ಡಿಕ್ಕಿಯ ಅಂಚು ಮಾತ್ರ ಅದರ ಜಾಗವಲ್ಲ.

ಮೂಲಸ್ವರೂಪ ಕೆಡುತ್ತದೆ ಎಂಬ ಅವರ ಭಯಕ್ಕೂ ಆಧಾರವಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಾಗ ಮೂಲರೂಪ ಉಳಿದಿರಬೇಕು ಎಂದು ಕೇಳಿದ್ದು ಚಾಸಿಸ್, ಬಾಡಿ, ಎಂಜಿನ್ ಇಂಥವುಗಳ ಬಗ್ಗೆ. ಆಕಾರ ಅದೇ ಇದ್ದು ಒಳವಸ್ತು ಉತ್ತಮವಾದ ರಬ್ಬರು ಯಾವ ಕಾರಿನ ಇತಿಹಾಸವನ್ನೂ ಕೆಡಿಸದು. ಒಡೆದ ಮೂಲ ರಬ್ಬರಿನಿಂದ ನೀರು ಇಳಿದು ಕೊಳೆತ ಡಿಕ್ಕಿಯ ನೆಲವನ್ನು ಕತ್ತರಿಸಿ ಹೊಸ ತಗಡು ಬೆಸೆದರೆ ಕಳೆದುಹೋಗುವುದು ನಿಜವಾದ ಮೂಲ.

ಆಗ ಉಳಿಯುವುದು "ಸಿಗಲ್ಲ ಸಾರ್" ಎಂಬ ಕೊನೆಯ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವುದು ಎಲ್ಲ ಕಾರಿಗೂ ಆಗುವ ಒಂದೆರಡು ಜಾತಿಯ ಬೀಡಿಂಗು. ನಿಮ್ಮ ಕಾರಿನದೇ ಅಡ್ಡಕೊಯ್ತದ ಆಕಾರ ಅಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಈ ಅಭಾವ ತಾನಾಗಿ ಬಂದದ್ದಲ್ಲ, ಹಳೆಯ ತುಂಡನ್ನು ಕಿತ್ತು ಕಸಕ್ಕೆಸೆಯುವ ನಮ್ಮ ಅಭ್ಯಾಸದಿಂದ ಬಂದದ್ದು. ಎಷ್ಟೇ ಒಣಗಿ ಬಿರಿದಿದ್ದರೂ ಮೂಲ ರಬ್ಬರಿನ ಒಂದು ಗೇಣು ತುಂಡು ಸಾಕು. ಅದನ್ನು ಬ್ಲೇಡಿನಲ್ಲಿ ನೇರವಾಗಿ ಕೊಯ್ದು, ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿದರೆ ಆಕಾರ ಸಿಗುತ್ತದೆ. ಆದರೆ ಆ ತುಂಡು ದಶಕಗಳ ಒತ್ತಡದಲ್ಲಿ ಚಪ್ಪಟೆಯಾಗಿರುತ್ತದೆ. ಅದರ ಎತ್ತರವನ್ನು ಹಾಗೇ ನಂಬದೆ ಜೇಡಿ ಉಂಡೆಯ ಅಳತೆಯನ್ನು ಪಕ್ಕದಲ್ಲಿಟ್ಟು ಸರಿಹೊಂದಿಸಿಕೊಳ್ಳಬೇಕು. ಸುತ್ತಲೂ ಒಂದೇ ಅಡ್ಡಕೊಯ್ತವಿರುವ ಪಟ್ಟಿಯನ್ನು ಎಳೆದು ತೆಗೆಯುವ ಅಚ್ಚು ಒಂದು ಉಕ್ಕಿನ ಬಿಲ್ಲೆಯಷ್ಟೇ, ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ಟಿನಂಥ ವಸ್ತುವಿಗೆ ಬೇಕಾಗುವ ಪೂರ್ಣ ಅಚ್ಚಿಗಿಂತ ಎಷ್ಟೋ ಅಗ್ಗ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸ ಬಲ್ಲ ಸಣ್ಣ ಘಟಕಗಳಿವೆ. ಅವರು ಕೇಳುವುದು ಒಟ್ಟಿಗೆ ಇಂತಿಷ್ಟು ಮೀಟರಿನ ಆರ್ಡರು. ಒಬ್ಬ ಮಾಲೀಕನಿಗೆ ಅದು ಭಾರ, ಒಂದೇ ಮಾದರಿಯ ಕಾರಿರುವ ಇಪ್ಪತ್ತು ಜನಕ್ಕೆ ಭಾರವೇ ಅಲ್ಲ.

ಹಳೆಯ ಕಾರುಗಳ ನಮ್ಮ ಸಂಘಗಳು ರ‍್ಯಾಲಿಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ, ಸಮವಸ್ತ್ರದ ಟೀ ಶರ್ಟು ಹೊಲಿಸುತ್ತವೆ, ಉಪಾಹಾರ ಏರ್ಪಡಿಸುತ್ತವೆ. ಇವೆಲ್ಲ ಬೇಕು. ಮುಂದಿನ ಸಭೆಯಲ್ಲಿ ಇನ್ನೊಂದು ವಿಷಯ ಸೇರಿಸಲಿ: ಅಂಬಾಸಿಡರಿನ ಪ್ರತಿ ಮಾರ್ಕಿಗೆ ಒಂದು, ಪದ್ಮಿನಿಗೆ ಒಂದು, ಡಿಕ್ಕಿ ರಬ್ಬರಿನ ಅಳತೆಯ ಚಿತ್ರ ತಯಾರಿಸಿ, ಎಷ್ಟು ಗಡಸಿನ ಇಪಿಡಿಎಂ ಸ್ಪಂಜು ಬೇಕೆಂದು ಬರೆದು, ಸದಸ್ಯರಿಂದ ಮುಂಗಡ ತೆಗೆದುಕೊಂಡು ಅಚ್ಚು ಮಾಡಿಸಲಿ. ಅಚ್ಚು ಸಂಘದ ಆಸ್ತಿಯಾಗಿರಲಿ. ಮಾಲೀಕರು ತಮ್ಮ ಪಾಲಿನ ಪಟ್ಟಿಯನ್ನು ಕಾರು ಬಣ್ಣಕ್ಕೆ ಹೋಗುವ ಮೊದಲೇ ಟಿಂಕರಿನ ಕೈಗೆ ಕೊಡಲಿ. ಬರಿಯ ತಗಡಿನ ಮೇಲೆ ಅದನ್ನು ಕೂರಿಸಿ, ಮುಚ್ಚಳದ ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಿ ತೆರೆದಾಗ ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲೂ ಕಡಿಯದೆ ಸುತ್ತು ಬರಬೇಕು. ಬರುವವರೆಗೆ ಕಾರು ಪೇಂಟ್ ಬೂತಿಗೆ ಹೋಗಕೂಡದು.